ಸುತ್ತೋಲೆಯಿಂದ ಶುರುವಾಗಲಿ: ವಿಶ್ವವಿದ್ಯಾಲಯದ ಆವರಣದಲ್ಲಿ ಡಿಜಿಟಲ್ ಸುಗಮ್ಯತೆಯನ್ನು ನೆಲೆಗೊಳಿಸುವ ಬಗೆ

ಪ್ರವೇಶಾತಿ, ಶುಲ್ಕ ಪಾವತಿ, ಪರೀಕ್ಷಾ ಅರ್ಜಿ, ಹಾಲ್ ಟಿಕೆಟ್, ಫಲಿತಾಂಶ, ವಿದ್ಯಾರ್ಥಿವೇತನ, ಹಾಸ್ಟೆಲ್ ಪಟ್ಟಿ ಇವೆಲ್ಲವೂ ಈಗ ಪರದೆಯ ಮೇಲೆಯೇ ನಡೆಯುತ್ತವೆ. ದಾವಣಗೆರೆ ವಿಶ್ವವಿದ್ಯಾಲಯದ ತೋಳಹುಣಸೆಯ ಶಿವಗಂಗೋತ್ರಿ ಆವರಣದಲ್ಲಿ ಓದುವವರಿಗೂ, ಚಿತ್ರದುರ್ಗದ ಬಳಿ ಗುಡ್ಡದರಂಗವ್ವನಹಳ್ಳಿಯ ಜ್ಞಾನಗಂಗೋತ್ರಿಯಲ್ಲಿ ಓದುವವರಿಗೂ, ಈ ಎರಡು ಜಿಲ್ಲೆಗಳ ಪದವಿ ಕಾಲೇಜುಗಳಲ್ಲಿ ಓದುವವರಿಗೂ ಇದು ಒಂದೇ. ಕಟ್ಟಡದ ಬಾಗಿಲಿಗೆ ಇಳಿಜಾರು ಕಟ್ಟಿಸಿದ್ದೇವೆ ಎಂದು ಹೇಳುವ ಸಂಸ್ಥೆಯಲ್ಲಿ ಪರೀಕ್ಷಾ ಅರ್ಜಿಯ ಪುಟವನ್ನು ದೃಷ್ಟಿ ಇಲ್ಲದ ವಿದ್ಯಾರ್ಥಿನಿ ಸ್ವಂತವಾಗಿ ತುಂಬಲಾಗದಿದ್ದರೆ, ಆ ಸಂಸ್ಥೆಯ ಅರ್ಧ ಬಾಗಿಲು ಇನ್ನೂ ಮುಚ್ಚಿಯೇ ಇದೆ. ಜಾಲತಾಣ, ಕಡತ, ಅರ್ಜಿಗಳನ್ನು ವಿಕಲಚೇತನರೂ ಸ್ವಂತವಾಗಿ ಬಳಸುವಂತೆ ಮಾಡುವುದೇ ಡಿಜಿಟಲ್ ಸುಗಮ್ಯತೆ. ಈ ಲೇಖನವು ಆ ಬಾಗಿಲನ್ನು ತೆರೆಯಲು ಬಯಸುವ ಅಧ್ಯಾಪಕರು, ಕಚೇರಿ ಸಿಬ್ಬಂದಿ, ಗ್ರಂಥಪಾಲಕರು ಮತ್ತು ವಿದ್ಯಾರ್ಥಿ ಪ್ರತಿನಿಧಿಗಳಿಗಾಗಿ ಬರೆದದ್ದು.

ಈ ಕೆಲಸವನ್ನು ಕೈಗೆತ್ತಿಕೊಳ್ಳುವ ಬಹುತೇಕರು ಜಾಲತಾಣದ ಮರುವಿನ್ಯಾಸದಿಂದಲೋ ಜಾಗೃತಿ ದಿನಾಚರಣೆಯಿಂದಲೋ ಆರಂಭಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಆರಂಭಿಸಬೇಕಾದದ್ದು ಕಚೇರಿಯ ಟೈಪಿಸ್ಟರ ಮೇಜಿನಿಂದ. ಡಿಜಿಟಲ್ ತಡೆಗಳಲ್ಲಿ ಹೆಚ್ಚಿನವು ಹುಟ್ಟುವುದು ಒಂದು ಕಡತ ಸಿದ್ಧವಾಗುವ ಹೊತ್ತಿನಲ್ಲಿ. ಅಲ್ಲಿ ಐದು ನಿಮಿಷದಲ್ಲಿ ಸರಿಯಾಗುವುದನ್ನು ನಂತರ ಸರಿಪಡಿಸಲು ವಾರಗಳು ಬೇಕಾಗುತ್ತವೆ.

ಮೊದಲ ಹೆಜ್ಜೆ: ಬಳಸುವವರೊಂದಿಗೆ ಕೂರುವುದು

ಯಾವುದೇ ಸಮಿತಿ ರಚಿಸುವ ಮೊದಲು, ಆವರಣದಲ್ಲಿರುವ ವಿಕಲಚೇತನ ವಿದ್ಯಾರ್ಥಿಗಳು ಮತ್ತು ನೌಕರರ ಪೈಕಿ ಮಾತನಾಡಲು ಒಪ್ಪುವವರನ್ನು ಭೇಟಿಯಾಗಿ, ಅವರು ತಮ್ಮ ಮೊಬೈಲಿನಲ್ಲಿ ಅಥವಾ ಕಂಪ್ಯೂಟರಿನಲ್ಲಿ ದಿನನಿತ್ಯದ ಕೆಲಸ ಮಾಡುವುದನ್ನು ಪಕ್ಕದಲ್ಲಿ ಕುಳಿತು ನೋಡಬೇಕು. ಈ ಸೆಮಿಸ್ಟರಿನ ವೇಳಾಪಟ್ಟಿಯನ್ನು ಹುಡುಕುವುದು, ಶುಲ್ಕದ ರಸೀದಿಯನ್ನು ಇಳಿಸಿಕೊಳ್ಳುವುದು, ಅಧ್ಯಾಪಕರು ಕಳುಹಿಸಿದ ಟಿಪ್ಪಣಿಯನ್ನು ಓದುವುದು ಇಂಥ ನಾಲ್ಕೈದು ಕೆಲಸಗಳು ಸಾಕು. ಎಲ್ಲಿ ನಿಂತರು, ಎಲ್ಲಿ ಬೇರೆಯವರನ್ನು ಕರೆದರು, ಎಲ್ಲಿ ಕೈಬಿಟ್ಟರು ಎಂಬುದನ್ನು ಬರೆದುಕೊಂಡರೆ ಅದೇ ನಿಮ್ಮ ಮೊದಲ ವರದಿ.

ಇಲ್ಲಿ ಎರಡು ಎಚ್ಚರಿಕೆಗಳಿವೆ. ವಿಕಲತೆ ಎಂದರೆ ದೃಷ್ಟಿದೋಷ ಮಾತ್ರ ಎಂದುಕೊಳ್ಳುವುದು ಮೊದಲ ತಪ್ಪು. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016 ಗುರುತಿಸಿರುವ ವಿಕಲತೆಗಳು 21. ಕಿವಿ ಕೇಳದವರಿಗೆ ವಿಡಿಯೊದಲ್ಲಿ ಮಾತನ್ನು ಬರಹದಲ್ಲಿ ತೋರಿಸುವ ಅಡಿಬರಹ ಬೇಕು, ಕೈ ನಡುಗುವವರಿಗೆ ದೊಡ್ಡ ಗುಂಡಿ ಬೇಕು, ಡಿಸ್ಲೆಕ್ಸಿಯಾದಂತಹ ಕಲಿಕಾ ನ್ಯೂನತೆ ಇರುವವರಿಗೆ ಸರಳ ವಾಕ್ಯ ಬೇಕು, ಮಂದದೃಷ್ಟಿಯವರಿಗೆ ಹಿಗ್ಗಿಸಿದರೂ ಒಡೆಯದ ಪುಟ ಬೇಕು. ಎರಡನೆಯದು, ಕಾರ್ಯಾಗಾರಗಳಲ್ಲಿ ಎಲ್ಲರ ಕಣ್ಣಿಗೆ ಬಟ್ಟೆ ಕಟ್ಟಿಸಿ ‘ಅನುಭವ’ ಮೂಡಿಸುವ ರೂಢಿ. ಹತ್ತು ನಿಮಿಷ ಕಣ್ಣು ಕಟ್ಟಿಕೊಂಡವರಿಗೆ ಹೆದರಿಕೆ ಮತ್ತು ಕನಿಕರ ಬರುತ್ತದೆ, ತಿಳಿವಳಿಕೆ ಬರುವುದಿಲ್ಲ. ಅದರ ಬದಲು, ಪರದೆಯ ಮೇಲಿರುವುದನ್ನು ಧ್ವನಿಯಲ್ಲಿ ಓದಿ ಹೇಳುವ ಪರದೆ ಓದುಗ ತಂತ್ರಾಂಶವನ್ನು ವರ್ಷಗಳಿಂದ ಬಳಸುತ್ತಿರುವವರೊಬ್ಬರು ಅದರ ವೇಗವನ್ನು ತಾವೇ ತೋರಿಸಲಿ. ಒಳ್ಳೆಯ ಪುಟದಲ್ಲಿ ಅವರು ಎಷ್ಟು ಚುರುಕಾಗಿ ಸಾಗುತ್ತಾರೆ, ಕೆಟ್ಟ ಪುಟದಲ್ಲಿ ಹೇಗೆ ಸಿಕ್ಕಿಕೊಳ್ಳುತ್ತಾರೆ ಎಂಬುದನ್ನು ಒಟ್ಟಿಗೆ ಕಂಡವರಿಗೆ, ತೊಡಕು ಇರುವುದು ವ್ಯಕ್ತಿಯಲ್ಲಲ್ಲ, ಪುಟದಲ್ಲಿ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಹೀಗೆ ಪರೀಕ್ಷಿಸಿಕೊಡುವ ವಿದ್ಯಾರ್ಥಿಗಳಿಗೆ ಗೌರವಧನ ಕೊಡಬೇಕು. ಅವರದು ಪರಿಣತಿಯ ಕೆಲಸ.

ದಾವಣಗೆರೆಗೆ ಒಂದು ಅನುಕೂಲವಿದೆ. ವಿಕಲಚೇತನರ ಕೌಶಲಾಭಿವೃದ್ಧಿ ಮತ್ತು ಪುನರ್ವಸತಿಗಾಗಿ ಕೇಂದ್ರ ಸರ್ಕಾರ ನಡೆಸುವ, ಸಿಆರ್‌ಸಿ ಎಂದು ಕರೆಯಲಾಗುವ ಸಂಯುಕ್ತ ಪ್ರಾದೇಶಿಕ ಕೇಂದ್ರ ಇಲ್ಲಿಯೇ ಇದೆ. ತರಬೇತಿಗೆ ಬೆಂಗಳೂರಿನ ಕಡೆ ನೋಡುವ ಮೊದಲು ಅಲ್ಲಿಗೆ ಒಂದು ಪತ್ರ ಬರೆಯುವುದು ಒಳಿತು.

ಎರಡನೆಯ ಹೆಜ್ಜೆ: ಸುತ್ತೋಲೆಯನ್ನು ಸರಿಪಡಿಸುವುದು

ಒಂದು ಸುತ್ತೋಲೆ ಹೇಗೆ ಸಿದ್ಧವಾಗುತ್ತದೆ ಎಂಬುದನ್ನು ಗಮನಿಸಿ. ಕಚೇರಿಯಲ್ಲಿ ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಟೈಪ್ ಆಗುತ್ತದೆ. ಮುದ್ರಣವಾಗಿ, ಸಹಿ ಬಿದ್ದು, ಅದರ ಪಕ್ಕದಲ್ಲಿ ದುಂಡನೆಯ ಮೊಹರು ಬೀಳುತ್ತದೆ. ಆಮೇಲೆ ಯಾರೋ ಅದನ್ನು ಸ್ವಲ್ಪ ಓರೆಯಾಗಿ ಸ್ಕ್ಯಾನ್ ಮಾಡುತ್ತಾರೆ, ಇಲ್ಲವೇ ಮೊಬೈಲಿನಲ್ಲಿ ಫೋಟೊ ತೆಗೆಯುತ್ತಾರೆ. ತರಗತಿಯ ವಾಟ್ಸ್ಆ್ಯಪ್ ಗುಂಪಿಗೆ ಬರುವುದು ಆ ಫೋಟೊ. ಜಗಳೂರಿನ ಹಳ್ಳಿಯೊಂದರಲ್ಲಿ ಕುಳಿತ ಅಂಧ ವಿದ್ಯಾರ್ಥಿ ಅದರ ಮೇಲೆ ಬೆರಳಿಟ್ಟರೆ ಅವನ ಮೊಬೈಲಿನ ಪರದೆ ಓದುಗವಾದ ಟಾಕ್‌ಬ್ಯಾಕ್ ಹೇಳುವುದು ‘ಫೋಟೊ’ ಎಂದು, ಜೊತೆಗೆ ಅದು ಬಂದ ಸಮಯವನ್ನು. ಪರೀಕ್ಷಾ ಶುಲ್ಕದ ಕೊನೆಯ ದಿನ ಆ ಫೋಟೊದೊಳಗೆ ಇದೆ. ಅದು ಏನೆಂದು ಕೇಳಲು ಅವನು ಗೆಳೆಯನಿಗೆ ಫೋನ್ ಮಾಡಬೇಕು, ಗೆಳೆಯ ಫೋನ್ ಎತ್ತಬೇಕು, ಸರಿಯಾಗಿ ಓದಿ ಹೇಳಬೇಕು.

ಇಲ್ಲಿ ಎರಡು ಬೇರೆ ಬೇರೆ ತಡೆಗಳಿವೆ, ಎರಡನ್ನೂ ಬಿಡಿಸಬೇಕು.

ಮೊದಲನೆಯದು ಅಕ್ಷರಶೈಲಿಯ ತಡೆ. ಹಳೆಯ ಎಎಸ್‌ಸಿಐಐ ಮಾದರಿಯ ಕನ್ನಡ ಫಾಂಟುಗಳಲ್ಲಿ ಕಣ್ಣಿಗೆ ಕಾಣುವುದು ಕನ್ನಡವಾದರೂ ಕಂಪ್ಯೂಟರಿನ ಒಳಗೆ ಉಳಿಯುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸರಮಾಲೆ. ಪರದೆ ಓದುಗ ತಂತ್ರಾಂಶವು ಒಳಗಿರುವುದನ್ನೇ ಓದುತ್ತದೆ, ಆದ್ದರಿಂದ ಕೇಳಿಸುವುದು ಅರ್ಥವಿಲ್ಲದ ಶಬ್ದಗಳು. ಯೂನಿಕೋಡ್‌ನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಕೇತವಿರುವುದರಿಂದ ಈ ತೊಂದರೆ ಇಲ್ಲ. ಪರೀಕ್ಷಿಸುವ ವಿಧಾನ ಬಹಳ ಸುಲಭ: ಕಡತದಿಂದ ಒಂದು ಸಾಲನ್ನು ನಕಲು ಮಾಡಿ ವಾಟ್ಸ್ಆ್ಯಪ್‌ನ ಸಂದೇಶದ ಜಾಗದಲ್ಲಿ ಅಂಟಿಸಿ. ಕನ್ನಡವಾಗಿಯೇ ಉಳಿದರೆ ಅದು ಯೂನಿಕೋಡ್, ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾದರೆ ಅಲ್ಲ. ಅನೇಕ ವರ್ಷ ನುಡಿಯಲ್ಲಿ ಕೈ ಕುದುರಿಸಿಕೊಂಡ ಟೈಪಿಸ್ಟರು ಬದಲಾವಣೆಗೆ ಹಿಂಜರಿಯುವುದು ಸಹಜ. ಆದರೆ ನುಡಿಯಲ್ಲಾಗಲಿ ಬರಹದಲ್ಲಾಗಲಿ ಯೂನಿಕೋಡ್‌ನಲ್ಲಿ ಟೈಪ್ ಮಾಡುವ ಅವಕಾಶ ಇದ್ದೇ ಇದೆ. ಅವರ ಬೆರಳಿಗೆ ಒಗ್ಗಿದ ಕೀಲಿಮಣೆಯ ವಿನ್ಯಾಸ ಹಾಗೆಯೇ ಉಳಿಯುತ್ತದೆ. ಇದನ್ನು ಮೊದಲ ಮಾತಿನಲ್ಲಿಯೇ ಹೇಳಿ, ಅವರ ಕಂಪ್ಯೂಟರಿನಲ್ಲಿಯೇ ಮಾಡಿ ತೋರಿಸಿದರೆ ವಿರೋಧ ಕರಗುತ್ತದೆ. ಹಳೆಯ ಕಡತಗಳಿಗೆ ಪರಿವರ್ತಕ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ಪರಿವರ್ತನೆಯ ನಂತರ ಒತ್ತಕ್ಷರ ಮತ್ತು ಅರ್ಕಾವೊತ್ತು ಇರುವ ಪದಗಳ ಮೇಲೆ ಒಮ್ಮೆ ಕಣ್ಣಾಡಿಸಬೇಕು, ತಪ್ಪುಗಳು ಹೆಚ್ಚಾಗಿ ನುಸುಳುವುದು ಅಲ್ಲಿ.

ಎರಡನೆಯದು ಸಹಿ ಮತ್ತು ಮೊಹರಿನ ತಡೆ. ಸ್ಕ್ಯಾನ್ ಮಾಡದೆ ಸುತ್ತೋಲೆ ಅಧಿಕೃತವಾಗುವುದಿಲ್ಲ ಎಂಬ ಮಾತು ಪ್ರತಿ ಕಚೇರಿಯಲ್ಲಿಯೂ ಬರುತ್ತದೆ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000 ಡಿಜಿಟಲ್ ಸಹಿಗೆ ಕಾನೂನಿನ ಮಾನ್ಯತೆ ಕೊಟ್ಟಿದೆ. ಆದ್ದರಿಂದ ಕಡತವನ್ನು ನೇರವಾಗಿ ಪಿಡಿಎಫ್ ಆಗಿ ಉಳಿಸಿ ಡಿಜಿಟಲ್ ಸಹಿ ಹಾಕುವುದೇ ಸರಿಯಾದ ದಾರಿ. ಅದು ಜಾರಿಗೆ ಬರುವವರೆಗೆ ಮಧ್ಯದ ದಾರಿಯೊಂದಿದೆ: ಸ್ಕ್ಯಾನ್ ಮಾಡಿದ ಪ್ರತಿಯ ಜೊತೆಗೆ ಅದೇ ಸುತ್ತೋಲೆಯ ಯೂನಿಕೋಡ್ ಪಠ್ಯವನ್ನೂ ಪ್ರಕಟಿಸುವುದು. ವಾಟ್ಸ್ಆ್ಯಪ್ ಗುಂಪಿಗಾದರೆ ಫೋಟೊದ ಕೆಳಗೆ ವಿಷಯ, ದಿನಾಂಕ, ಯಾರಿಗೆ ಅನ್ವಯ, ಏನು ಮಾಡಬೇಕು ಎಂಬ ನಾಲ್ಕು ಸಾಲು ಟೈಪ್ ಮಾಡಿದರೂ ಸಾಕು. ಈ ಕೆಲಸವನ್ನು ತರಗತಿ ಪ್ರತಿನಿಧಿಗೆ ವಹಿಸಬಹುದು. ಮೊಬೈಲ್ ಡೇಟಾ ಮುಗಿದು ದೊಡ್ಡ ಕಡತ ಇಳಿಸಿಕೊಳ್ಳಲಾಗದ ಎಲ್ಲ ವಿದ್ಯಾರ್ಥಿಗಳಿಗೂ ಆ ನಾಲ್ಕು ಸಾಲು ಉಪಕಾರಕ್ಕೆ ಬರುತ್ತದೆ.

ಪಿಡಿಎಫ್ ಬಗ್ಗೆ ಕನ್ನಡಿಗರು ತಿಳಿದಿರಬೇಕಾದ ಒಂದು ಸೂಕ್ಷ್ಮವಿದೆ. ಯೂನಿಕೋಡ್‌ನಲ್ಲಿ ಟೈಪ್ ಮಾಡಿದ ಕನ್ನಡವೂ ಪಿಡಿಎಫ್ ಆದಾಗ ಅನೇಕ ಬಾರಿ ಒತ್ತಕ್ಷರಗಳು, ಗುಣಿತಾಕ್ಷರಗಳು ಸ್ಥಳಪಲ್ಲಟಗೊಂಡು ಪರದೆ ಓದುಗಕ್ಕೆ ತಪ್ಪಾಗಿ ಸಿಗುತ್ತವೆ, ನೋಡಲು ಮಾತ್ರ ಪುಟ ಚೆನ್ನಾಗಿಯೇ ಇರುತ್ತದೆ. ಆದ್ದರಿಂದ ಕನ್ನಡದ ಕಡತಗಳ ಮಟ್ಟಿಗೆ ಪಿಡಿಎಫ್ ಒಂದನ್ನೇ ನೆಚ್ಚದೆ, ವರ್ಡ್ ಕಡತವನ್ನೋ ಜಾಲತಾಣದಲ್ಲಿ ಸಾಮಾನ್ಯ ಪುಟವನ್ನೋ ಜೊತೆಗಿಡುವುದು ಅಗತ್ಯ. ಪಿಡಿಎಫ್‌ನಿಂದ ಒಂದು ಸಾಲು ನಕಲು ಮಾಡಿ ನೋಡುವ ಮೇಲಿನ ಪರೀಕ್ಷೆ ಇಲ್ಲಿಯೂ ನಡೆಯುತ್ತದೆ.

ಇನ್ನು ಕಡತದ ಒಳರಚನೆ. ಶೀರ್ಷಿಕೆಯನ್ನು ದಪ್ಪಕ್ಷರ ಮಾಡಿ ಅಡಿಗೆರೆ ಎಳೆದರೆ ಕಣ್ಣಿಗೆ ಮಾತ್ರ ಶೀರ್ಷಿಕೆ. ವರ್ಡ್‌ನಲ್ಲಿ ‘ಹೆಡಿಂಗ್’ ಶೈಲಿಯನ್ನು ಆಯ್ದರೆ ಅದು ಪರದೆ ಓದುಗಕ್ಕೂ ಶೀರ್ಷಿಕೆಯೇ ಆಗುತ್ತದೆ, ಒಂದು ಕೀಲಿ ಒತ್ತಿದರೆ ಓದುಗ ಒಂದು ಶೀರ್ಷಿಕೆಯಿಂದ ಮುಂದಿನದಕ್ಕೆ ನೆಗೆಯಬಹುದು. ಸ್ಪೇಸ್ ಮತ್ತು ಟ್ಯಾಬ್ ಒತ್ತಿ ಒತ್ತಿ ಕಂಬಸಾಲುಗಳನ್ನು ಹೊಂದಿಸುವ ಬದಲು ನಿಜವಾದ ಕೋಷ್ಟಕ ಬಳಸಬೇಕು, ಮೊದಲ ಸಾಲನ್ನು ತಲೆಸಾಲೆಂದು ಗುರುತಿಸಬೇಕು, ಕೋಶಗಳನ್ನು ಒಂದುಗೂಡಿಸಬಾರದು. ವೇಳಾಪಟ್ಟಿಗಳಲ್ಲಿ ಈ ಒಂದುಗೂಡಿಸುವ ಚಟ ವಿಪರೀತ. ಮಧ್ಯಾಹ್ನದ ವಿರಾಮವನ್ನು ಐದು ದಿನಗಳ ಉದ್ದಕ್ಕೂ ಒಂದೇ ಕೋಶವಾಗಿ ಚಾಚಿದರೆ, ಕೇಳಿ ತಿಳಿಯುವವರಿಗೆ ಮುಂದಿನ ತರಗತಿ ಯಾವ ದಿನದ್ದೆಂಬುದೇ ತಪ್ಪಿಹೋಗುತ್ತದೆ. ಚಿತ್ರಗಳಿಗೆ ಬದಲಿ ಪಠ್ಯ ಬರೆಯಬೇಕು. ‘ಚಿತ್ರ 3’ ಎಂದಲ್ಲ, ಆ ಚಿತ್ರ ಏನು ಹೇಳುತ್ತಿದೆ ಎಂಬುದನ್ನು. ವರ್ಡ್‌ನಲ್ಲಿಯೇ ಇರುವ ಸುಗಮ್ಯತೆ ಪರಿಶೀಲಕವನ್ನು ಕೊನೆಯಲ್ಲಿ ಒಮ್ಮೆ ಓಡಿಸಿದರೆ ಬಿಟ್ಟುಹೋದವು ಸಿಗುತ್ತವೆ.

ಭಾಷೆಯೂ ಸುಗಮ್ಯತೆಯ ಭಾಗ. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಆರಂಭವಾಗಿ, ಮೂರು ಉಲ್ಲೇಖಗಳನ್ನು ದಾಟಿ, ಎಂಟನೆಯ ಸಾಲಿನಲ್ಲಿ ಕೊನೆಯ ದಿನಾಂಕ ಹೇಳುವ ಒಕ್ಕಣೆಯನ್ನು ಕಲಿಕಾ ನ್ಯೂನತೆ ಇರುವವರಷ್ಟೇ ಅಲ್ಲ, ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದ ವಿದ್ಯಾರ್ಥಿಗಳೂ ಬಿಡಿಸಿಕೊಳ್ಳಲಾರರು. ದಿನಾಂಕ ಮತ್ತು ಮಾಡಬೇಕಾದ ಕೆಲಸ ಮೊದಲ ಎರಡು ಸಾಲಿನಲ್ಲಿರಲಿ, ಉಲ್ಲೇಖಗಳು ಕೆಳಗೆ ಹೋಗಲಿ.

ಈ ವಿಷಯಗಳಿಗೆ ಎರಡು ಗಂಟೆಯ ಒಂದು ತರಬೇತಿ ಸಾಕು. ಅದನ್ನು ಮೊದಲು ಟೈಪಿಸ್ಟರಿಗೆ, ಗಣಕಯಂತ್ರ ನಿರ್ವಾಹಕರಿಗೆ ಮತ್ತು ವಿಭಾಗಗಳ ಕಚೇರಿ ಸಹಾಯಕರಿಗೆ ಕೊಡಬೇಕು. ಪ್ರಾಧ್ಯಾಪಕರ ಸರದಿ ಆಮೇಲೆ.

ಮೂರನೆಯ ಹೆಜ್ಜೆ: ಜಾಲತಾಣ ಮತ್ತು ಅರ್ಜಿಗಳು

ಜಾಲತಾಣವನ್ನು ಅಳೆಯುವ ಅಂತರರಾಷ್ಟ್ರೀಯ ಅಳತೆಗೋಲು ಡಬ್ಲ್ಯುಸಿಎಜಿ. ಅದರ 2.1 ಆವೃತ್ತಿ 2018ರಲ್ಲಿ, 2.2 ಆವೃತ್ತಿ 2023ರ ಅಕ್ಟೋಬರ್‌ನಲ್ಲಿ ಬಂದಿವೆ. ಎ, ಎಎ, ಎಎಎ ಎಂಬ ಮೂರು ಮಟ್ಟಗಳಲ್ಲಿ ಎಎ ಮಟ್ಟವನ್ನು ಗುರಿಯಾಗಿಡುವುದು ರೂಢಿ. ಭಾರತ ಸರ್ಕಾರದ ಜಾಲತಾಣಗಳ ಮಾರ್ಗಸೂಚಿಯಾದ ಜಿಐಜಿಡಬ್ಲ್ಯುವಿನ ಮೂರನೆಯ ಆವೃತ್ತಿಯೂ, ಭಾರತೀಯ ಮಾನಕ ಬ್ಯೂರೊದ ಐಎಸ್ 17802 ಮಾನಕವೂ ಇದೇ ನೆಲೆಯ ಮೇಲೆ ನಿಂತಿವೆ. ಇವುಗಳನ್ನೆಲ್ಲ ಓದಿ ಮುಗಿಸಿದ ಮೇಲೆಯೇ ಕೆಲಸ ಶುರುಮಾಡಬೇಕೆಂದಿಲ್ಲ.

ಮೌಸನ್ನು ಪಕ್ಕಕ್ಕಿಟ್ಟು ಟ್ಯಾಬ್ ಕೀಲಿಯೊಂದರಿಂದಲೇ ಶುಲ್ಕ ಪಾವತಿಯ ಪುಟದಲ್ಲಿ ಸಾಗಿ ನೋಡಿ. ಈಗ ಯಾವ ಪೆಟ್ಟಿಗೆಯಲ್ಲಿ ಇದ್ದೇವೆ ಎಂಬುದು ಕಾಣುತ್ತಿದೆಯೇ? ಜನ್ಮದಿನಾಂಕದ ಕ್ಯಾಲೆಂಡರಿನೊಳಗೆ ಹೋದ ಮೇಲೆ ಹೊರಗೆ ಬರಲಾಗುತ್ತಿದೆಯೇ? ‘ಸಲ್ಲಿಸಿ’ ಗುಂಡಿ ಸಿಗುತ್ತದೆಯೇ? ಅನೇಕ ಪುಟಗಳು ಬೀಳುವುದು ಈ ಕ್ಯಾಲೆಂಡರಿನಲ್ಲಿಯೇ. ದಿನಾಂಕವನ್ನು ನೇರವಾಗಿ ಟೈಪ್ ಮಾಡುವ ಅವಕಾಶ ಕೊಟ್ಟರೆ ತೊಡಕು ನಿವಾರಣೆಯಾಗುತ್ತದೆ. ನಂತರ ಎನ್‌ವಿಡಿಎ ಎಂಬ ಉಚಿತ ಪರದೆ ಓದುಗವನ್ನು ವಿಂಡೋಸ್ ಕಂಪ್ಯೂಟರಿಗೆ ಹಾಕಿಕೊಂಡು ಅದೇ ಪುಟವನ್ನು ಕೇಳಿ. ಅರ್ಜಿಯ ಪೆಟ್ಟಿಗೆಗಳಿಗೆ ಹೆಸರುಪಟ್ಟಿ (ಲೇಬಲ್) ಜೋಡಿಸದಿದ್ದರೆ ಅದು ಹೇಳುವುದು ‘ಎಡಿಟ್, ಎಡಿಟ್, ಎಡಿಟ್’ ಎಂದಷ್ಟೇ: ತಂದೆಯ ಹೆಸರು ಎಲ್ಲಿ, ಖಾತೆ ಸಂಖ್ಯೆ ಎಲ್ಲಿ ಎಂಬುದು ತಿಳಿಯದು. ಪುಟದಲ್ಲಿರುವ ಕೊಂಡಿಗಳ ಪಟ್ಟಿಯನ್ನು ತೆರೆದಾಗ ‘ಇಲ್ಲಿ ಕ್ಲಿಕ್ ಮಾಡಿ’ ಎಂಬುದೇ ಹದಿನೈದು ಬಾರಿ ಬಂದರೆ, ಕೊಂಡಿಯ ಪದಗಳನ್ನು ‘ಎರಡನೇ ಸೆಮಿಸ್ಟರ್ ಎಂ.ಕಾಂ. ವೇಳಾಪಟ್ಟಿ’ ಎಂಬಂತೆ ಬದಲಿಸಬೇಕು.

ಕನ್ನಡ ಪುಟಗಳಿಗೆ ಮತ್ತೊಂದು ತಪಾಸಣೆ ಬೇಕು. ಪುಟದ ಮೂಲಸಂಕೇತದಲ್ಲಿ ಭಾಷೆ ಕನ್ನಡ ಎಂದು ನಮೂದಾಗಿರದೆ ಇಂಗ್ಲಿಷ್ ಎಂದೇ ಉಳಿದಿದ್ದರೆ, ಪರದೆ ಓದುಗವು ಇಂಗ್ಲಿಷ್ ಧ್ವನಿಯನ್ನೇ ಬಳಸಿ ಕನ್ನಡವನ್ನು ಬಿಟ್ಟುಬಿಡಬಹುದು ಅಥವಾ ಅರೆಬರೆ ಓದಬಹುದು. ಇದು ಒಂದು ಸಾಲಿನ ತಿದ್ದುಪಡಿ. ಅಕ್ಷರ ಮತ್ತು ಹಿನ್ನೆಲೆಯ ಬಣ್ಣಗಳ ವ್ಯತ್ಯಾಸದ ಅನುಪಾತ ಸಾಮಾನ್ಯ ಪಠ್ಯಕ್ಕೆ ಕನಿಷ್ಠ 4.5:1, ದೊಡ್ಡ ಅಕ್ಷರಕ್ಕೆ 3:1 ಇರಬೇಕು. ಬಿಳಿಯ ಮೇಲೆ ಹಳದಿ, ಕೇಸರಿಯ ಮೇಲೆ ಕೆಂಪು ಇವು ಆ ಅಳತೆಗೆ ನಿಲ್ಲುವುದಿಲ್ಲ. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಸಾಲುಗಳ ನಡುವಿನ ಅಂತರ ಇಂಗ್ಲಿಷಿಗಿಂತ ಹೆಚ್ಚಿರಬೇಕು. ಇಲ್ಲದಿದ್ದರೆ ಮಂದದೃಷ್ಟಿಯವರಿಗೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿನೊಂದಿಗೆ ಬೆರೆತುಹೋಗುತ್ತದೆ. ಐದು ಸೆಕೆಂಡಿಗಿಂತ ಹೆಚ್ಚು ಕಾಲ ತಾನಾಗಿ ಓಡುವ ಪ್ರಕಟಣೆಗಳನ್ನು ನಿಲ್ಲಿಸುವ ಗುಂಡಿ ಇರಲೇಬೇಕು. ಶಿಕ್ಷಣ ಸಂಸ್ಥೆಗಳ ಮುಖಪುಟದಲ್ಲಿ ಓಡುವ ಸಾಲುಗಳು, ಮಿನುಗುವ ‘ಹೊಸತು’ ಫಲಕಗಳು ತೀರಾ ಸಾಮಾನ್ಯವಾದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ಚಿತ್ರದಲ್ಲಿನ ಅಕ್ಷರ ಗುರುತಿಸಿ ಟೈಪ್ ಮಾಡಿ ಎನ್ನುವ ಕ್ಯಾಪ್ಚಾಕ್ಕೆ ಧ್ವನಿಯ ಅಥವಾ ಒಟಿಪಿಯ ಪರ್ಯಾಯ ಇಡಬೇಕು.

ಸ್ವಯಂಚಾಲಿತ ಪರಿಶೀಲನಾ ಸಾಧನಗಳು ಉಪಯುಕ್ತ. ವೇವ್, ಲೈಟ್‌ಹೌಸ್ ಎರಡೂ ಉಚಿತ. ಆದರೆ ಅವು ಬದಲಿ ಪಠ್ಯ ಇದೆಯೇ ಎಂದು ಹೇಳಬಲ್ಲವು, ಅದು ಸರಿಯಾಗಿದೆಯೇ ಎಂದು ಹೇಳಲಾರವು. ಪುಟದ ಮೂಲೆಯಲ್ಲಿ ಗಾಲಿಕುರ್ಚಿಯ ಚಿಹ್ನೆಯೊಂದನ್ನು ಕೂರಿಸಿ, ಅಕ್ಷರ ಹಿಗ್ಗಿಸುವ, ಬಣ್ಣ ಬದಲಿಸುವ ಗುಂಡಿಗಳನ್ನು ಕೊಟ್ಟು ಜಾಲತಾಣ ಸುಗಮ್ಯವಾಯಿತು ಎನ್ನುವ ಮಾರಾಟಗಾರರು ಬರುತ್ತಾರೆ. ಅದಕ್ಕೆ ಹಣ ಖರ್ಚು ಮಾಡಬೇಡಿ. ಆ ಸೌಲಭ್ಯಗಳು ಬಳಕೆದಾರರ ಮೊಬೈಲಿನಲ್ಲಿ ಮೊದಲೇ ಇವೆ. ಹೆಸರಿಲ್ಲದ ಪೆಟ್ಟಿಗೆ, ಸ್ಕ್ಯಾನ್ ಮಾಡಿದ ಕಡತ ಇವು ಆ ಚಿಹ್ನೆಯ ಹಿಂದೆ ಹಾಗೆಯೇ ಉಳಿಯುತ್ತವೆ.

ಪ್ರವೇಶಾತಿ, ಪರೀಕ್ಷೆಗಳನ್ನು ನೋಡಿಕೊಳ್ಳುವ ಯುಯುಸಿಎಂಎಸ್‌ನಂತಹ ರಾಜ್ಯಮಟ್ಟದ ತಂತ್ರಾಂಶವನ್ನು ಒಂದು ಆವರಣ ತಾನೇ ಬದಲಿಸಲಾಗದು. ಅಲ್ಲಿ ಕಂಡ ತೊಡಕನ್ನು ಪುಟದ ಹೆಸರು, ಬಳಸಿದ ಪರದೆ ಓದುಗ, ನಿಂತ ಜಾಗ ಇವುಗಳ ಸಮೇತ ಬರೆದು ಕುಲಸಚಿವರ ಮೂಲಕ ಕಳುಹಿಸಬೇಕು. ಅದು ಸರಿಹೋಗುವವರೆಗೆ, ಅರ್ಜಿ ತುಂಬುವ ದಿನಗಳಲ್ಲಿ ಪ್ರತಿ ಕಾಲೇಜಿನಲ್ಲಿಯೂ ಗೊತ್ತಾದ ಸಮಯಕ್ಕೆ ಒಬ್ಬ ಸಹಾಯಕರು ಸಿಗುವಂತೆ ಮಾಡಬೇಕು. ಪಾಸ್‌ವರ್ಡನ್ನು ವಿದ್ಯಾರ್ಥಿಯೇ ಟೈಪ್ ಮಾಡುವ ಹಾಗಿರಬೇಕು.

ನಾಲ್ಕನೆಯ ಹೆಜ್ಜೆ: ಪಾಠ, ಗಣಿತ, ಧ್ವನಿಮುದ್ರಿಕೆ

ಅಧ್ಯಾಪಕರಿಗೆ ಹೇಳಬೇಕಾದದ್ದು ಸ್ವಲ್ಪವೇ. ಕೈಬರಹದ ಟಿಪ್ಪಣಿಯ ಫೋಟೊ ಕಳುಹಿಸುವ ಬದಲು ಟೈಪ್ ಮಾಡಿದ ಪಠ್ಯ ಕಳುಹಿಸಿ. ಟೈಪ್ ಮಾಡಲು ಹೊತ್ತಿಲ್ಲದಿದ್ದರೆ ಗೂಗಲ್ ಡಾಕ್ಸ್‌ನಲ್ಲಿಯೂ ಮೊಬೈಲ್ ಕೀಲಿಮಣೆಯಲ್ಲಿಯೂ ಕನ್ನಡದಲ್ಲಿ ಮಾತನಾಡಿ ಬರೆಸುವ ಸೌಲಭ್ಯವಿದೆ. ಸ್ಲೈಡ್ ತೋರಿಸುವಾಗ ‘ಇದನ್ನು ನೋಡಿ, ಇಲ್ಲಿಂದ ಇಲ್ಲಿಗೆ ಹೋಗುತ್ತದೆ’ ಎನ್ನದೆ, ‘ಬೇಡಿಕೆಯ ರೇಖೆ ಎಡದಿಂದ ಬಲಕ್ಕೆ ಇಳಿಯುತ್ತದೆ’ ಎಂದು ಹೇಳಿ. ಬಾಯಿಮಾತಿನ ಈ ಒಂದು ಬದಲಾವಣೆಗೆ ಯಾವ ತಂತ್ರಾಂಶವೂ ಬೇಡ.

ಗಣಿತ ಮತ್ತು ವಿಜ್ಞಾನದಲ್ಲಿ ತಡೆ ಗಟ್ಟಿಯಾಗಿದೆ, ಅದಕ್ಕೆ ಹೆಚ್ಚು ಗಮನ ಬೇಕು. ಸಮೀಕರಣವನ್ನು ಚಿತ್ರವಾಗಿ ಅಂಟಿಸಿದರೆ ಪರದೆ ಓದುಗ ಅದನ್ನು ಬಿಟ್ಟು ಮುಂದೆ ಹೋಗುತ್ತದೆ. ವರ್ಡ್‌ನ ಸಮೀಕರಣ ಸಂಪಾದಕದಲ್ಲಿ ಬರೆದರೆ, ಅಥವಾ ಜಾಲಪುಟದಲ್ಲಿ ಗಣಿತವನ್ನು ಪಠ್ಯವಾಗಿ ಬರೆಯುವ ಮ್ಯಾಥ್‌ಎಂಎಲ್ ರೂಪದಲ್ಲಿ ಕೊಟ್ಟರೆ, ಎನ್‌ವಿಡಿಎಗೆ ಮ್ಯಾಥ್‌ಕ್ಯಾಟ್ ಎಂಬ ಪೂರಕ ಸೇರಿಸಿಕೊಂಡವರು ಅದನ್ನು ಅಂಶ, ಛೇದ, ಘಾತಾಂಕ ಎಂದು ಬಿಡಿಬಿಡಿಯಾಗಿ ಕೇಳಬಹುದು. ಯುಬಿಡಿಟಿಯಂತಹ ಎಂಜಿನಿಯರಿಂಗ್ ಕಾಲೇಜಿನಲ್ಲಿ ಅಥವಾ ಗಣಿತ, ಭೌತವಿಜ್ಞಾನದ ಸ್ನಾತಕೋತ್ತರ ವಿಭಾಗಗಳಲ್ಲಿ, ಸಮೀಕರಣಗಳಿರುವ ಬರಹವನ್ನು ಸಿದ್ಧಪಡಿಸುವ ಲೇಟೆಕ್ ಬಳಸುವವರು ಇರುತ್ತಾರೆ. ಅವರು ಪಿಡಿಎಫ್ ಜೊತೆಗೆ ಮೂಲ ಕಡತವನ್ನೂ ವಿದ್ಯಾರ್ಥಿಗೆ ಕೊಟ್ಟರೆ ಆಗಲೇ ಅರ್ಧ ಕೆಲಸ ಆದಂತೆ. ‘ಅಂಧರು ವಿಜ್ಞಾನ ಓದಲಾರರು’ ಎಂದು ಪ್ರವೇಶಾತಿಯ ಮೇಜಿನಲ್ಲಿಯೇ ಬೇರೆ ವಿಷಯ ಸೂಚಿಸುವ ಅಭ್ಯಾಸ ಇನ್ನೂ ಹೋಗಿಲ್ಲ. ಅದು ನಿಲ್ಲಲೇಬೇಕು. ಯಾವ ವಿಷಯ ಓದಬೇಕೆಂಬುದು ವಿದ್ಯಾರ್ಥಿಯ ಆಯ್ಕೆ, ಸಾಮಗ್ರಿ ಒದಗಿಸುವುದು ಸಂಸ್ಥೆಯ ಹೊಣೆ.

ವಿಡಿಯೊ ಪಾಠಗಳಿಗೆ ಅಡಿಬರಹ ಕಡ್ಡಾಯವಾಗಲಿ. ಯಂತ್ರ ತಾನಾಗಿ ಬರೆದ ಅಡಿಬರಹದಲ್ಲಿ ಪಾರಿಭಾಷಿಕ ಪದಗಳೂ ಹೆಸರುಗಳೂ ಕೆಡುವುದರಿಂದ ಮನುಷ್ಯರು ತಿದ್ದಬೇಕು. ತರಗತಿಯಲ್ಲಿ ಕಿವಿ ಮಂದವಾಗಿರುವವರು ಮಾತನ್ನು ಕೂಡಲೇ ಬರಹವಾಗಿ ತೋರಿಸುವ ಲೈವ್ ಟ್ರಾನ್ಸ್‌ಕ್ರೈಬ್‌ನಂತಹ ಆ್ಯಪ್ ತೆರೆದಿಡಲು ಬಯಸಿದರೆ ಮೊಬೈಲ್ ನಿಷೇಧದ ನಿಯಮ ಅಡ್ಡ ಬರಬಾರದು. ಭಾರತೀಯ ಸಂಜ್ಞಾ ಭಾಷೆ ಬಳಸುವವರಿಗೆ ಅಡಿಬರಹವೊಂದೇ ಸಾಲದು, ಘಟಿಕೋತ್ಸವ, ಪರಿಚಯ ಕಾರ್ಯಕ್ರಮ, ಮುಖ್ಯ ಉಪನ್ಯಾಸಗಳಿಗಾದರೂ ಸಂಜ್ಞಾ ಭಾಷಾಂತರಕಾರರನ್ನು ಮೊದಲೇ ಗೊತ್ತುಮಾಡಬೇಕು.

ಐದನೆಯ ಹೆಜ್ಜೆ: ಗ್ರಂಥಾಲಯ

ಕನ್ನಡದ ಪಠ್ಯಪುಸ್ತಕಗಳಲ್ಲಿ ಹೆಚ್ಚಿನವು ಇಂದಿಗೂ ಮುದ್ರಿತ ರೂಪದಲ್ಲಿ ಮಾತ್ರ ಇವೆ. ಅವನ್ನು ಸ್ಕ್ಯಾನ್ ಮಾಡಿ ಅಂಧ ವಿದ್ಯಾರ್ಥಿಗೆ ಕೊಡುವುದು ಹಕ್ಕುಸ್ವಾಮ್ಯದ ಉಲ್ಲಂಘನೆಯಾಗುತ್ತದೆಂದು ಹೆದರುವ ಗ್ರಂಥಪಾಲಕರು ಇದ್ದಾರೆ. ಹೆದರಬೇಕಾಗಿಲ್ಲ. ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಂದ ತಿದ್ದುಪಡಿಯು, ಲಾಭದ ಉದ್ದೇಶವಿಲ್ಲದೆ, ವಿಕಲಚೇತನರ ಓದಿಗಾಗಿ ಕೃತಿಯನ್ನು ಸುಗಮ್ಯ ರೂಪಕ್ಕೆ ತರಲು ಅವಕಾಶ ಕೊಟ್ಟಿದೆ. ಇದೇ ಆಶಯದ ಮರಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ಭಾರತ. ಆ ಪ್ರತಿಗಳು ಅರ್ಹ ಓದುಗರ ಕೈಗೆ ಮಾತ್ರ ಹೋಗುವಂತೆ ದಾಖಲೆ ಇಡಬೇಕು, ಅಷ್ಟೇ.

ಕೆಲಸ ನಡೆಯುವ ಕ್ರಮ ಹೀಗಿರಲಿ. ವಿದ್ಯಾರ್ಥಿ ಸೆಮಿಸ್ಟರ್ ಆರಂಭದಲ್ಲಿಯೇ ಬೇಕಾದ ಪುಸ್ತಕಗಳ ಪಟ್ಟಿ ಕೊಡಲಿ. 2016ರಲ್ಲಿ ಆರಂಭವಾದ ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯದಲ್ಲಿ ಮೊದಲು ಹುಡುಕಿ. ಸಿಗದಿದ್ದರೆ ಪುಸ್ತಕವನ್ನು 300 ಡಿಪಿಐನಲ್ಲಿ ನೇರವಾಗಿ ಸ್ಕ್ಯಾನ್ ಮಾಡಿ, ಅಕ್ಷರ ಗುರುತಿಸುವ ತಂತ್ರಾಂಶಕ್ಕೆ ಹಾಕಿ. ಅಂಥ ತಂತ್ರಾಂಶಗಳಲ್ಲೊಂದಾದ ಟೆಸರಾಕ್ಟ್ ಕನ್ನಡವನ್ನು ಗುರುತಿಸುತ್ತದೆ. ಸ್ಕ್ಯಾನ್ ಮಾಡಿದ ಕಡತವನ್ನು ಗೂಗಲ್ ಡ್ರೈವ್‌ಗೆ ಹಾಕಿ ಡಾಕ್ಸ್‌ನಲ್ಲಿ ತೆರೆದರೂ ಪಠ್ಯ ಸಿಗುತ್ತದೆ. ಹಾಗೆ ಸಿಕ್ಕ ಪಠ್ಯದಲ್ಲಿ ‘ಪ’ ಮತ್ತು ‘ಷ’, ‘ಧ’ ಮತ್ತು ‘ದ’, ಮಸುಕಾಗಿ ಅಚ್ಚಾದ ಒತ್ತಕ್ಷರಗಳು ಅದಲುಬದಲಾಗಿರುತ್ತವೆ, ಅಡಿಟಿಪ್ಪಣಿಗಳು ವಾಕ್ಯದ ನಡುವೆ ಬಂದಿರುತ್ತವೆ. ತಿದ್ದದೆ ಕೊಟ್ಟರೆ ಪರೀಕ್ಷೆಗೆ ಓದುವವರಿಗೆ ಅನ್ಯಾಯ. ಈ ಕರಡು ತಿದ್ದುವ ಕೆಲಸಕ್ಕೆ ರಾಷ್ಟ್ರೀಯ ಸೇವಾ ಯೋಜನೆಯ ಸ್ವಯಂಸೇವಕರು ಹೇಳಿಮಾಡಿಸಿದಂತಿದ್ದಾರೆ. ವರ್ಷಕ್ಕೆ ಅವರು ಪೂರೈಸಬೇಕಾದ 120 ಗಂಟೆಗಳ ಸೇವೆಯಲ್ಲಿ ಒಂದು ಪಾಲನ್ನು, ಒಬ್ಬರಿಗೆ ಇಪ್ಪತ್ತು ಪುಟದಂತೆ, ಇದಕ್ಕೆ ಮೀಸಲಿಡಬಹುದು. ಕನ್ನಡ ವಿಭಾಗದ ವಿದ್ಯಾರ್ಥಿಗಳಿಗೆ ಇದು ಗ್ರಂಥಸಂಪಾದನೆಯ ಪಾಠವೂ ಆಗುತ್ತದೆ. ಗ್ರಂಥಾಲಯದ ಕಂಪ್ಯೂಟರುಗಳಲ್ಲಿ ಒಂದರಲ್ಲಿ ಮಾತ್ರ ಎನ್‌ವಿಡಿಎ ಹಾಕಿ ‘ವಿಶೇಷ ಮೂಲೆ’ ಮಾಡುವ ಬದಲು, ಉಚಿತವಾದ್ದರಿಂದ ಎಲ್ಲದರಲ್ಲಿಯೂ ಹಾಕಿಬಿಡಿ, ಕನ್ನಡ ಧ್ವನಿಯನ್ನೂ ಹೊಂದಿಸಿಡಿ.

ಆರನೆಯ ಹೆಜ್ಜೆ: ಪರೀಕ್ಷೆ

ಕೇಂದ್ರ ಸರ್ಕಾರದ ಮಾರ್ಗಸೂಚಿಯ ಪ್ರಕಾರ ಅರ್ಹ ವಿಕಲಚೇತನ ಅಭ್ಯರ್ಥಿಗಳಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಕಾಲ ಸಿಗಬೇಕು. ಹೇಳಿದ ಉತ್ತರವನ್ನು ಬರೆದುಕೊಡುವ ಲಿಪಿಕಾರರ ಬದಲು ಕಂಪ್ಯೂಟರಿನಲ್ಲಿ ಉತ್ತರ ಬರೆಯುವ ಆಯ್ಕೆಯೂ ಅದರಲ್ಲಿದೆ. ಲಿಪಿಕಾರರನ್ನು ಹುಡುಕಿಕೊಂಡು ಪರೀಕ್ಷೆಯ ಹಿಂದಿನ ದಿನದವರೆಗೂ ಅಲೆಯುವ ವಿದ್ಯಾರ್ಥಿಗಳಿಗೆ ಈ ಎರಡನೆಯ ಆಯ್ಕೆಯ ಬೆಲೆ ಗೊತ್ತು. ಅದನ್ನು ಕೊಡುವ ಕಾಲೇಜು, ಪರೀಕ್ಷೆಗೆ ಒಂದು ವಾರ ಮೊದಲೇ ಅದೇ ಕಂಪ್ಯೂಟರಿನಲ್ಲಿ, ಅದೇ ಪರದೆ ಓದುಗ ಮತ್ತು ಅದೇ ಕೀಲಿಮಣೆ ವಿನ್ಯಾಸದೊಂದಿಗೆ ಅರ್ಧ ಗಂಟೆಯ ಅಣಕು ಪರೀಕ್ಷೆ ನಡೆಸಬೇಕು. ಅಂತರ್ಜಾಲ ಕಡಿತಗೊಳಿಸಿದಾಗ ಕನ್ನಡ ಧ್ವನಿಯೂ ನಿಂತುಹೋಗುವ ಸಾಧ್ಯತೆ ಇರುವುದರಿಂದ, ಆಫ್‌ಲೈನ್ ಧ್ವನಿ ಇರುವುದನ್ನು ಖಚಿತಪಡಿಸಿಕೊಳ್ಳಬೇಕು. ಪ್ರಶ್ನೆಪತ್ರಿಕೆಯ ಯೂನಿಕೋಡ್ ಪ್ರತಿ, ಚಿತ್ರ ಅಥವಾ ನಕಾಶೆಯ ಪ್ರಶ್ನೆಗೆ ಬದಲಿ ಪ್ರಶ್ನೆ ಇವು ಪತ್ರಿಕೆ ಸಿದ್ಧಪಡಿಸುವವರ ಹಂತದಲ್ಲಿಯೇ ಇರಬೇಕು, ಪರೀಕ್ಷಾ ಕೊಠಡಿಯಲ್ಲಿ ಯೋಚಿಸುವ ವಿಷಯಗಳಲ್ಲ.

ಏಳನೆಯ ಹೆಜ್ಜೆ: ಆಡಳಿತದ ಒಪ್ಪಿಗೆ ಮತ್ತು ಖರೀದಿ

ಇಷ್ಟರಲ್ಲಿ ಬಹುಪಾಲು ಯಾರ ಅನುಮತಿಯೂ ಇಲ್ಲದೆ ಆರಂಭಿಸಬಹುದಾದವು. ಆದರೆ ಉಳಿಯಬೇಕಾದರೆ ಆದೇಶ ಬೇಕು. ಕುಲಪತಿಗಳ ಅಥವಾ ಪ್ರಾಂಶುಪಾಲರ ಮುಂದೆ ಹೋಗುವಾಗ ಕನಿಕರದ ಭಾಷೆಯನ್ನು ಬಿಟ್ಟು ಹಕ್ಕಿನ ಭಾಷೆಯಲ್ಲಿ ಮಾತನಾಡಿ. 2016ರ ಕಾಯ್ದೆಯು ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ 5ರಷ್ಟು ಸೀಟುಗಳನ್ನು ಮೀಸಲಿಟ್ಟಿದೆ. ಸೀಟು ಕೊಟ್ಟು ಓದುವ ಸಾಮಗ್ರಿ ಕೊಡದಿದ್ದರೆ ಆ ಮೀಸಲಾತಿಗೆ ಅರ್ಥವಿಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗ 2022ರಲ್ಲಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆಂದೇ ಸುಗಮ್ಯತಾ ಮಾರ್ಗಸೂಚಿ ಹೊರಡಿಸಿದೆ. ಸುಗಮ್ಯತೆಯ ನಿಯಮಗಳು ಬರೀ ಶಿಫಾರಸುಗಳಾಗಿ ಉಳಿಯಬಾರದು, ಕಡ್ಡಾಯವಾಗಬೇಕು ಎಂದು ಸುಪ್ರೀಂ ಕೋರ್ಟ್ ರಾಜೀವ್ ರತೂರಿ ಪ್ರಕರಣದಲ್ಲಿ 2024ರ ನವೆಂಬರ್ 8ರಂದು ಹೇಳಿತು. 2025ರ ಏಪ್ರಿಲ್ 30ರ ಮತ್ತೊಂದು ತೀರ್ಪಿನಲ್ಲಿ, ಡಿಜಿಟಲ್ ಸೇವೆಗಳನ್ನು ಪಡೆಯುವ ಹಕ್ಕು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನಲ್ಲಿಯೇ ಅಡಕವಾಗಿದೆ ಎಂದಿತು. ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನದಲ್ಲಿ ಸುಗಮ್ಯ ಜಾಲತಾಣ ಮತ್ತು ಪರದೆ ಓದುಗ ತಂತ್ರಾಂಶದ ಬಗ್ಗೆ ಪ್ರಶ್ನೆ ಇರುವುದರಿಂದ ಆಂತರಿಕ ಗುಣಮಟ್ಟ ಭರವಸೆ ಕೋಶವೂ ಈ ಕೆಲಸದಲ್ಲಿ ಜೊತೆಗೂಡುತ್ತದೆ. ಆದರೆ ನ್ಯಾಕ್ ಕಡತಕ್ಕೆಂದು ಫೋಟೊ ತೆಗೆಸಿ ಮುಗಿಸುವ ಕೆಲಸ ಇದಾಗಬಾರದು.

ಆದೇಶದಲ್ಲಿ ಮೂರು ವಿಷಯಗಳು ಇದ್ದರೆ ಸಾಕು. ಇಂಥ ದಿನಾಂಕದಿಂದ ಎಲ್ಲ ಹೊಸ ಸುತ್ತೋಲೆಗಳು ಯೂನಿಕೋಡ್ ಪಠ್ಯದೊಂದಿಗೆ ಹೊರಡಬೇಕು. ಹೊಣೆ ಹೊರುವ ಒಬ್ಬ ನೋಡಲ್ ಅಧಿಕಾರಿ, ಅವರ ಸಮಿತಿಯಲ್ಲಿ ವಿಕಲಚೇತನ ವಿದ್ಯಾರ್ಥಿಗಳು ಇರಬೇಕು. ಸುಗಮ್ಯವಲ್ಲದ ತಂತ್ರಾಂಶವನ್ನು ಕೊಳ್ಳಬಾರದು. ಈ ಮೂರನೆಯದರ ಮಹತ್ವ ದೊಡ್ಡದು, ಏಕೆಂದರೆ ಒಮ್ಮೆ ಕೊಂಡ ತಂತ್ರಾಂಶದೊಂದಿಗೆ ಅನೇಕ ವರ್ಷ ಏಗಬೇಕಾಗುತ್ತದೆ. ಟೆಂಡರ್ ದಾಖಲೆಯಲ್ಲಿಯೇ ಐಎಸ್ 17802 ಮತ್ತು ಡಬ್ಲ್ಯುಸಿಎಜಿ ಎಎ ಮಟ್ಟವನ್ನು ಷರತ್ತಾಗಿ ಸೇರಿಸಿ, ಕನ್ನಡ ಪಠ್ಯದೊಂದಿಗೆ ಪರದೆ ಓದುಗದ ಬಳಕೆದಾರರು ಪರೀಕ್ಷಿಸಿ ಒಪ್ಪಿದ ಮೇಲೆಯೇ ಕೊನೆಯ ಕಂತಿನ ಹಣ ಬಿಡುಗಡೆ ಎಂದು ಬರೆಯಬೇಕು. ‘ನಮ್ಮ ತಂತ್ರಾಂಶ ಎಲ್ಲ ಮಾನಕಗಳಿಗೂ ಅನುಗುಣವಾಗಿದೆ’ ಎಂಬ ಮಾರಾಟಗಾರರ ಪತ್ರವನ್ನು ಪುರಾವೆಯಾಗಿ ಒಪ್ಪಬೇಡಿ. ಅವರ ಎದುರಿನಲ್ಲಿಯೇ ಒಬ್ಬ ವಿದ್ಯಾರ್ಥಿ ಅರ್ಜಿಯನ್ನು ಮೊದಲಿಂದ ಕೊನೆಯವರೆಗೆ ತುಂಬಿ ತೋರಿಸಲಿ.

ದೂರು ಮತ್ತು ಹಸ್ತಾಂತರ

ತೊಡಕು ಕಂಡವರು ತಿಳಿಸಲು ಒಂದೇ ದೂರವಾಣಿ ಸಂಖ್ಯೆ, ಒಂದೇ ಇಮೇಲ್ ವಿಳಾಸ ಇರಲಿ, ಅದು ಪ್ರತಿ ಸುತ್ತೋಲೆಯ ಕೆಳಗೆ ಅಚ್ಚಾಗಲಿ. ಧ್ವನಿ ಸಂದೇಶದ ದೂರನ್ನೂ ಸ್ವೀಕರಿಸಬೇಕು. ಕನ್ನಡದಲ್ಲಿ ಟೈಪ್ ಮಾಡಲಾಗದವರಿಗೆ ಅದೇ ಸುಲಭ. ಸ್ಕ್ಯಾನ್ ಪ್ರತಿಯ ಪಠ್ಯ ಬೇಕೆಂಬ ಕೋರಿಕೆಗೆ ಎರಡು ಕೆಲಸದ ದಿನ, ಪುಸ್ತಕದ ಅಧ್ಯಾಯಕ್ಕೆ ಒಂದು ವಾರ ಎಂಬಂತೆ ಗಡುವುಗಳನ್ನು ಮೊದಲೇ ಪ್ರಕಟಿಸಿದರೆ ವಿದ್ಯಾರ್ಥಿ ತನ್ನ ಓದನ್ನು ಯೋಜಿಸಿಕೊಳ್ಳಬಹುದು. ಸಂಸ್ಥೆಯ ಒಳಗೆ ಪರಿಹಾರ ಸಿಗದಿದ್ದರೆ ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರಿಗೆ ದೂರು ಕೊಡಬಹುದೆಂಬ ಮಾಹಿತಿಯೂ ಅದೇ ಪುಟದಲ್ಲಿರಬೇಕು.

ನೋಡಲ್ ಅಧಿಕಾರಿ ವರ್ಗವಾಗುತ್ತಾರೆ, ಅತಿಥಿ ಉಪನ್ಯಾಸಕರು ಬದಲಾಗುತ್ತಾರೆ, ಎಲ್ಲವನ್ನೂ ತಿಳಿದಿದ್ದ ವಿದ್ಯಾರ್ಥಿ ಎರಡು ವರ್ಷದಲ್ಲಿ ಓದು ಮುಗಿಸಿ ಹೋಗುತ್ತಾನೆ. ಆದ್ದರಿಂದ ಸುತ್ತೋಲೆಯ ಮಾದರಿ ಕಡತ, ಪರೀಕ್ಷಾ ಕಂಪ್ಯೂಟರಿನ ಸಿದ್ಧತೆಯ ಟಿಪ್ಪಣಿ, ತಿದ್ದಿ ಮುಗಿಸಿದ ಪುಸ್ತಕಗಳ ಪಟ್ಟಿ, ಬಂದ ದೂರುಗಳು ಮತ್ತು ಅವುಗಳಿಗೆ ಮಾಡಿದ ಪರಿಹಾರ ಇವೆಲ್ಲವನ್ನೂ ಯೂನಿಕೋಡ್‌ನಲ್ಲಿ ಬರೆದ ಒಂದೇ ಕಡತಕೋಶದಲ್ಲಿ ಇಟ್ಟು, ಅದರ ಒಂದು ಪ್ರತಿಯನ್ನು ಗ್ರಂಥಾಲಯದಲ್ಲಿಯೂ ಇನ್ನೊಂದನ್ನು ಕುಲಸಚಿವರ ಕಚೇರಿಯಲ್ಲಿಯೂ ಉಳಿಸಿ, ಪ್ರತಿ ವರ್ಷ ಪ್ರವೇಶಾತಿ ಆರಂಭವಾಗುವ ಮೊದಲು ಹೊಸಬರಿಗೆ ತೆರೆದು ತೋರಿಸಿ ಒಪ್ಪಿಸಬೇಕು.